ನಳಿಗೆಯ ಬಾಯಿಗೆ ಹೂವು

ಕೊಡಗಿನ ಆಯುಧಪೂಜೆಯ ಹಬ್ಬವಾದ ಕೈಲುಮುಹೂರ್ತದ ಹಿಂದಿನ ದಿನ, ಬೆಳಗಿನಿಂದ ಬಿಡುವು ಕೊಟ್ಟಿದ್ದ ಮಳೆ ದೀಪ ಹಚ್ಚುವ ಹೊತ್ತಿಗೆ ಮತ್ತೆ ಹಿಡಿದುಕೊಂಡಿತು. ಕುಶಾಲನಗರದಿಂದ ಮೇಲಕ್ಕೆ ಹತ್ತುವ ದಾರಿಯ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಬೋಜಪ್ಪನ ಮನೆಗೆ ತಗಡಿನ ಮಾಡು. ಮಳೆ ಜೋರಾದರೆ ಒಳಗಿದ್ದವರು ಕೂಗಿಯೇ ಮಾತಾಡಬೇಕು. ಹೀಗಾಗಿ ಮಳೆಗಾಲ ಮುಗಿಯುವವರೆಗೆ ಆ ಮನೆಯವರು ಸದಾ ಜಗಳದಲ್ಲಿರುವಂತೆ ದಾರಿಹೋಕರಿಗೆ ಕೇಳಿಸುತ್ತಿತ್ತು. ಅಂದು ಮಾತ್ರ ನಿಜಕ್ಕೂ ಜಗಳವೇ ಶುರುವಾಯಿತು.

ಬೋಜಪ್ಪನ ಹೆಂಡತಿ ಯಮುನ ದೇವರ ಕೋಣೆಯ ಹೊಸ್ತಿಲ ಪಕ್ಕ ಕುಳಿತು ಮಾಲೆ ಕಟ್ಟುತ್ತಿದ್ದಳು. ದೀಪದ ಕೆಳಗೆ ಗೋಡೆಗೆ ಒರಗಿಸಿದ್ದ ಕೋವಿಗೆ ಎಣ್ಣೆ ಹಚ್ಚಿ ಒರೆಸಿ, ಗಂಧದ ಬೊಟ್ಟಿಟ್ಟು, ನಳಿಗೆಯ ಬಾಯಿಗೆ ಕೋವಿಹೂವು ಸಿಕ್ಕಿಸಿ ಆಗಿತ್ತು. ಬೆಂಕಿಯ ನಾಲಗೆಗಳನ್ನು ಮೇಲಕ್ಕೆ ಮಡಚಿಟ್ಟಂಥ ಆ ಕೆಂಪು ಹಳದಿ ಹೂವನ್ನು ಮಧ್ಯಾಹ್ನ ಬೇಲಿಯಿಂದ ಕೊಯ್ದು ತಂದವಳು ಅವಳೇ. ನಳಿಗೆಯೊಳಗೆ ಭದ್ರವಾಗಿ ನಿಲ್ಲಲೆಂದು ಗೇಣುದ್ದ ದಂಟು ಬಿಟ್ಟೇ ಕೊಯ್ದಿದ್ದಳು. ಬೆಳಿಗ್ಗೆ ಪೂಜೆ, ಪೂಜೆಯಾದ ಮೇಲೆ ಗಂಡಸರೆಲ್ಲ ಕೋವಿ ಹಿಡಿದು ಬಯಲಿಗೆ ಹೋಗಿ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ದೊಡ್ಡಪ್ಪ ದೇರಪ್ಪ ತೀರಿಕೊಂಡ ಮೇಲೆ ಕೋವಿ ಬೋಜಪ್ಪನ ಕೈಗೆ ಬಂದ ಮೊದಲ ವರ್ಷ ಅದು. ಮೊದಲ ಗುಂಡಿಗೇ ಕಾಯಿ ಒಡೆಯುತ್ತೇನೆಂದು ಅವನು ಎಸ್ಟೇಟಿಗೆಲ್ಲ ಸಾರಿಕೊಂಡು ಬಂದಿದ್ದ.

ಅಷ್ಟರಲ್ಲಿ ಯಮುನಳ ಸೋದರಮಾವ ಗುರುವಪ್ಪ ಬಂದ. ಎಸ್ಟೇಟಿನಲ್ಲಿ ಲಾರಿ ಓಡಿಸಿ ಮುದುಕನಾದವನು. ಈಗ ಹೊಳೆಯಾಚೆ ಮಗಳ ಮನೆಯಲ್ಲಿದ್ದ. ಕೊಡೆ ಕೊಡವಿ, ಕಾಲಿಗೆ ಹತ್ತಿದ ಜಿಗಣೆ ಕಿತ್ತು ಅಂಗಳಕ್ಕೆಸೆದು, ಒಳಗೆ ತಲೆಯೆತ್ತಿದವನು ಕೋವಿ ನೋಡಿ ಅಲ್ಲೇ ನಿಂತ.

“ಆ ಹೂ ಅಲ್ಲಿಂದ ತೆಗಿ ಬೋಜಪ್ಪ.”

“ಸಂಜೆ ಒಂದ್ಸಲ ಬೈದು ಆಯ್ತಲ್ಲ ಮಾವ. ಪುನಃ ಶುರು ಮಾಡ್ಬೇಡಿ” ಎಂದ ಬೋಜಪ್ಪ.

ತಗಡಿನ ಸದ್ದಿಗೆ ಅರ್ಧ ಮಾತು ಕೊಚ್ಚಿಹೋಯಿತು. ಮೊದಲೇ ಕಿವಿ ಮಂದವಾಗಿದ್ದ ಗುರುವಪ್ಪನಿಗೆ ಕೊನೆಯ ‘ಬೇಡಿ’ ಮಾತ್ರ ಕೇಳಿಸಿತೆಂದು ತೋರುತ್ತದೆ. ಅವನ ಮುಖ ಬಿಗಿಯಿತು. ಬೋಜಪ್ಪನ ತಾಯಿ ಬೆಳ್ಳಮ್ಮ ಕಡುಬಿನ ಪಾತ್ರೆ ಇಳಿಸಿ ಬಂದು ಕುಳಿತಳು. ಪಕ್ಕದ ಮನೆಯ ಗುಂಡ, ಎಸ್ಟೇಟಿನ ಮೇಸ್ತ್ರಿ, ಕಂಬಳಿ ಹೊದ್ದು ಗೋಡೆಗೊರಗಿದ. ಹೊರಗೆ ಹೋಗುವಂತಿರಲಿಲ್ಲ, ಮುದುಕನ ಮಾತಿಗೆ ಕೂರುವುದೊಂದೇ ಉಳಿದದ್ದು.

ಯಮುನಳಿಗೆ ಕೇಳುವುದು ಅಭ್ಯಾಸ. ಶ್ರಾವಣದ ಸಂಜೆಗಳಲ್ಲಿ ಅಪ್ಪ ರಾಗವಾಗಿ ಕಾವ್ಯ ಓದುತ್ತಿದ್ದಾಗ ಮಂಡಿಗೆ ಗಲ್ಲ ಊರಿ ಕೂತು ಬೆಳೆದವಳು. ಓದುವವರು ಉಸಿರು ತೆಗೆದುಕೊಳ್ಳುವುದು ಎಲ್ಲಿ, ಉಸಿರು ತಪ್ಪುವುದು ಎಲ್ಲಿ ಎನ್ನುವುದು ಅವಳಿಗೆ ತಿಳಿಯುತ್ತಿತ್ತು. ಮಾವನ ಉಸಿರು ಅಂದು ಮೊದಲ ಮಾತಿಗೇ ತಪ್ಪಿತ್ತು.

“ನೀವು ನಂಬ್ಬೇಡಿ” ಎಂದು ಶುರು ಮಾಡಿದ ಗುರುವಪ್ಪ. “ನಂಬಿ ಅಂತ ಕೈ ಮುಗಿಯೋಕೆ ಹೊಳೆ ದಾಟಿ ಬಂದವನಲ್ಲ ನಾನು. ಕೇಳಿ, ಅಷ್ಟೇ. ನಡುವೆ ಬಾಯಿ ಹಾಕ್ಬೇಡಿ... ಗುಂಡ, ನಿಂಗೇ ಹೇಳೋದು.

“ಬಿಳಿಯರ ಕಾಲದ ಆ ಮಹಾಯುದ್ಧ ಜೋರಾಗಿದ್ದ ವರ್ಷ. ಸೋಣ ತಿಂಗಳು, ಇದೇ ಮಳೆಗಾಲ, ಮೋಡ ಅಂದ್ರೆ ಹೊಳೆ ಮೇಲೇ ಬಂದು ಮಲಗಿತ್ತು. ನಾನು ಲಾರಿಯಲ್ಲಿ ಅಕ್ಕಿ ತುಂಬ್ಕೊಂಡು ಬರ್ತಾ ಇದ್ದೆ. ಮೇಲೆಲ್ಲೋ ಗುರ್ರ್ ಅಂತ ಸದ್ದು, ಒಂದ್ಸಲ ಹತ್ರ, ಒಂದ್ಸಲ ದೂರ, ಕಣ್ಣು ಕಾಣದವ ಗೋಡೆ ತಡವಿ ಬಾಗಿಲು ಹುಡುಕ್ತಾನಲ್ಲ, ಹಾಗೆ... ನೋಡ್ತಾ ಇದ್ದ ಹಾಗೆ ಮೋಡದ ಹೊಟ್ಟೆಯಿಂದ ಒಂದು ವಿಮಾನ ಕೆಳಗಿಳೀತು. ದೊಡ್ಡದೇನಲ್ಲ. ರೆಕ್ಕೆಗೆ ಒಂದರ ಹಾಗೆ ಎರಡು ಇಂಜಿನು. ಒಳಗೆ ಐದಾರು ಜನ ಕೂತ್ರೆ ಮೊಣಕಾಲಿಗೆ ಮೊಣಕಾಲು ತಾಗ್ಬೇಕು. ಹೊಳೆ ಬದಿಯ ಹುಲ್ಲುಗಾವಲಲ್ಲಿ ದನಗಳನ್ನೆಲ್ಲ ಓಡಿಸ್ಕೊಂಡು ಬಂದು ಕೆಸರಲ್ಲಿ ನಿಂತಿತು. ಒಳಗಿಂದ ಇಳಿದವ ಒಬ್ಬನೇ. ಹಾರ್ಲಿ ದೊರೆ ಅಂತ ಹೆಸರು. ತೆಳ್ಳಗೆ, ಕೆಂಪು ಮೂಗು, ನಿದ್ದೆಗೆಟ್ಟ ಕಣ್ಣು. ದಾರಿ ತಪ್ಪಿ, ಪೆಟ್ರೋಲು ತೀರಿ ಇಳಿದಿದ್ದ. ಇಳಿದವನು ಮೊದ್ಲು ಮಾಡಿದ್ದೇನು ಗೊತ್ತಾ? ರೆಕ್ಕೆ ನೆಕ್ತಾ ಇದ್ದ ಒಂದು ಹಸುವನ್ನ ಬೈದು ಅಟ್ಟಿದ್ದು.”

“ಮದುವೆ ಆಗಿತ್ತಾ ಪಾಪ?” ಎಂದಳು ಬೆಳ್ಳಮ್ಮ.

“ಅದು ನಂಗೆ ಹ್ಯಾಗೆ ಗೊತ್ತಾಗ್ಬೇಕು ಅತ್ತಿಗೆ? ವಿಮಾನ ಬಂದ ಕತೆ ಹೇಳ್ತಾ ಇದ್ರೆ ಮದುವೆ ಕೇಳ್ತೀರಲ್ಲ!” ಗುರುವಪ್ಪ ಹಣೆ ಒತ್ತಿಕೊಂಡ. “ಮೈಸೂರಿಂದ ಪೆಟ್ರೋಲು ಬರೋವರೆಗೆ ದೊರೆ ಬಂಗಲೆಯಲ್ಲಿ ಉಳ್ಕೊಂಡ. ವಿಮಾನಕ್ಕೆ ಕಾವಲು ಯಾರು? ದೇರಪ್ಪ. ಈ ಬೋಜಪ್ಪನ ದೊಡ್ಡಪ್ಪ, ಈ ಕೋವಿಯ ಯಜಮಾನ. ಕೊಟ್ಟ ಮಾತಿಗೆ ತಪ್ಪುವವನಲ್ಲ, ಮಳೆಯಲ್ಲಿ ನಿಂತ್ರೆ ಮರದ ಹಾಗೆ ನಿಲ್ಲೋನು. ನಂಗೆ ಚೂರುಪಾರು ಇಂಗ್ಲಿಷ್ ಬರ್ತಿತ್ತು ಅಂತ ದೊರೆ ಹೇಳಿದ್ದನ್ನ ಊರವರಿಗೆ ಹೇಳೋ ಕೆಲಸ ನನ್ನ ತಲೆಗೆ ಬಿತ್ತು. ಅಯ್ಯೋ, ಅಂಥ ಕೆಲಸ ಶತ್ರುವಿಗೂ ಬೇಡ...

“ಯಾಕೆ ಅಂತೀರಾ? ಆ ದೊರೆ ಹೋಗ್ಬೇಕಾಗಿದ್ದದ್ದು ಅಸ್ಸಾಮಿನ ಕಡೆಗೆ. ಅಲ್ಲಿಯ ಬೆಟ್ಟಗಳ ಮೇಲೆ ಮೋಡದ ಒಳಗೆ ಮಂಜುಗಡ್ಡೆ ಕಟ್ಟುತ್ತಂತೆ. ರೆಕ್ಕೆಗೆ, ಇಂಜಿನಿನ ಮುಂದೆ ತಿರುಗೋ ಫ್ಯಾನಿಗೆ, ಎದುರಿನ ಗಾಜಿಗೆ, ಎಲ್ಲಾ ಕಡೆ. ಅದನ್ನ ಹೇಳಿದ್ರೆ ಇವರು ನಗ್ತಾರೆ! ಮಂಜು ಗೊತ್ತು, ಆಲಿಕಲ್ಲು ಗೊತ್ತು, ಹಾರೋ ರೆಕ್ಕೆ ಮೇಲೆ ಗಡ್ಡೆ ಕಟ್ಟೋದು ಯಾವ ಲೋಕದಲ್ಲಿ ಅಂತ. ಭಾರ ಆದ್ರೆ ಒಂದೆರಡು ಸಾಮಾನು ಕೆಳಗೆ ಎಸೀಲಿ ಅಂತ ಒಬ್ಬ. ಭಾರ ಅಷ್ಟೇ ಅಲ್ಲ ಮಾರಾಯ, ಗಡ್ಡೆ ಕಟ್ಟಿದ್ರೆ ರೆಕ್ಕೆಯ ಆಕಾರ ಕೆಡುತ್ತೆ, ಆಕಾರ ಕೆಟ್ಟ ರೆಕ್ಕೆಯನ್ನ ಗಾಳಿ ಎತ್ತಿ ಹಿಡಿಯೋಲ್ಲ ಅಂತ ದೊರೆ ಕೈ ಅಡ್ಡ ಹಿಡಿದು ತೋರಿಸ್ದ. ತೋರಿಸಿದ್ದಕ್ಕೆ ಇನ್ನೂ ನಗು.

“ಆ ಗಡ್ಡೆ ಬಿಡಿಸೋಕೆ ಅಂತ ರೆಕ್ಕೆಯ ಎದುರಂಚಿನ ಉದ್ದಕ್ಕೂ ಕಪ್ಪು ರಬ್ಬರು ಅಂಟಿಸಿತ್ತು. ಒಳಗಿಂದ ಗಾಳಿ ಬಿಟ್ರೆ ಉಬ್ಬುತ್ತೆ, ಇಳಿಯುತ್ತೆ, ಉಬ್ಬುತ್ತೆ, ಇಳಿಯುತ್ತೆ... ಮಲಗಿದ ಎಮ್ಮೆಯ ಹೊಟ್ಟೆ ನೋಡಿದೀರಲ್ಲ? ಹಾಗೆ. ಮೇಲೆ ಕಟ್ಟಿದ ಗಡ್ಡೆ ಚಟಚಟ ಒಡೆದು ಉದುರ್ಬೇಕು. ಫ್ಯಾನಿಗೆ ಗಡ್ಡೆ ಹಿಡೀದ ಹಾಗೆ ಸ್ಪಿರಿಟ್ ಚಿಮ್ಮೋದು ಬೇರೆ...”

“ಚಳಿಗೆ ಫ್ಯಾನಿಗೂ ಒಂದು ಗುಟುಕು ಅನ್ನಿ” ಎಂದ ಗುಂಡ.

“ನಿನ್ನಂಥೋರೇ ಅಲ್ಲೂ ಇದ್ದದ್ದು. ಆ ಡಬ್ಬಿ ಮೂಸೋಕೆ ಕೂಲಿ ಲೈನಿನಿಂದ ಅರ್ಧ ಗಂಡಸರು ಬಂದಿದ್ರು. ಹೆಂಗಸರು ರಬ್ಬರು ಚಿವುಟಿ ನೋಡೋದು, ಮಕ್ಕಳು ಉಗುರಲ್ಲಿ ಗೀರೋದು. ದೊರೆ ದಿನಾ ಓಡಿ ಓಡಿ ಬರೋದು, ಮುಟ್ಬೇಡಿ ಅಂತ ಅನ್ನೋದು, ನಾನು ಅದನ್ನ ಕನ್ನಡದಲ್ಲಿ ಕೂಗೋದು. ಅವನು ತಲೆ ಚಚ್ಕೊಂಡು ಏನೋ ಅಂದ್ರೆ ನಾನು ‘ಎಷ್ಟು ಸಲ ಹೇಳ್ಬೇಕು ನಿಮಗೆ’ ಅನ್ನೋದು. ನಾನು ಅದನ್ನ ಎಷ್ಟು ಸಲ ಅಂದೆನೋ, ಕೊನೆಗೆ ಆ ದೊರೆಗೇ ಬಾಯಿಪಾಠ ಆಗಿಬಿಡ್ತು. ಗಂಟಲಲ್ಲಿ ಅಕ್ಷರ ತಿರುಚಿ ತಿರುಚಿ ತಾನೇ ಹೇಳೋಕೆ ಶುರು ಮಾಡ್ದ. ನಮಸ್ಕಾರ ಬರೋಲ್ಲ, ನೀರು ಅನ್ನೋದು ಬರೋಲ್ಲ, ಅದೊಂದು ಬರ್ತದೆ.”

ಮಳೆ ಸ್ವಲ್ಪ ಕಮ್ಮಿಯಾಯಿತು. ಮಾವ ದನಿ ತಗ್ಗಿಸಿದ್ದನ್ನು ಯಮುನ ಗಮನಿಸಿದಳು. ಅವಳ ಕೈಯ ದಾರ ಎಳೆದಲ್ಲೇ ನಿಂತಿತು.

“ಈಗ ಸರಿಯಾಗಿ ಕೇಳಿ. ಆ ವಿಮಾನದ ಮೂತಿಯ ಕೆಳಗೆ ಒಂದು ಕೊಳವೆ ಇತ್ತು. ಬೆರಳು ದಪ್ಪ, ಮುಂದಕ್ಕೆ ಚಾಚಿಕೊಂಡು, ಥೇಟ್ ಕೋವಿ ನಳಿಗೆ. ಅದು ಗಾಳಿ ಕುಡಿಯೋ ಕೊಳವೆ. ಎಷ್ಟು ಗಾಳಿ ನುಗ್ಗುತ್ತೆ ಅನ್ನೋದರ ಮೇಲೆ ವೇಗ ಎಷ್ಟು ಅಂತ ಒಳಗಿನ ಮುಳ್ಳು ಹೇಳುತ್ತೆ. ಮೋಡದೊಳಗೆ ಹೊರಗೆ ಏನೂ ಕಾಣೋಲ್ಲ, ಮುಳ್ಳನ್ನೇ ನಂಬ್ಬೇಕು. ಕೊಳವೆಯ ಬಾಯಿ ಕಟ್ಟಿದ್ರೆ ಮುಳ್ಳು ಸುಳ್ಳು ಹೇಳುತ್ತೆ, ವೇಗ ತಗ್ಗಿದ್ದು ಗೊತ್ತಾಗೋಲ್ಲ, ತಗ್ಗಿದ್ರೆ ಬೀಳೋದೇ. ಗಡ್ಡೆ ಬಂದು ಆ ಬಾಯಿ ಕಟ್ಬಾರ್ದು ಅಂತ ಅದರೊಳಗೆ ಕರೆಂಟಿನ ಬಿಸಿ ಇಟ್ಟಿದ್ರು. ಒಂದಿನ ದೊರೆ ಬಿಸಿ ಹಾಕಿ, ಮುಟ್ಟಿ ನೋಡು ಅಂದ ದೇರಪ್ಪನಿಗೆ. ಮುಟ್ಟಿ ಬೆರಳು ಸುಟ್ಕೊಂಡ. ಇದಕ್ಕೆ ಕಣಜ ಗೂಡು ಕಟ್ಟದ ಹಾಗೆ ಈ ಕ್ಯಾನ್ವಾಸಿನ ಚೀಲ ಹಾಕಿರ್ತೀನಿ, ಚೀಲ ತೆಗೀಬೇಡ, ಬಾಯಿಗೆ ಏನೂ ತಾಗಿಸ್ಬೇಡ, ಇಷ್ಟೇ ನಿನ್ನ ಕಾವಲು ಅಂದ. ದೇರಪ್ಪ ಎದೆ ಮುಟ್ಕೊಂಡು ಆಯ್ತು ಅಂದ.

“ಆಮೇಲೆ ಕೈಲುಮುಹೂರ್ತ ಬಂತಲ್ಲ!

“ದೇರಪ್ಪನಿಗೆ ಮನೆಗೆ ಹೋಗೋ ಹಾಗಿಲ್ಲ, ಕಾವಲು ಬಿಡೋ ಹಾಗಿಲ್ಲ. ಕೋವಿಯನ್ನ ಅಲ್ಲೇ ತರಿಸ್ಕೊಂಡ. ಗಂಧ ಹಚ್ಚಿದ, ಹೂ ಇಟ್ಟ, ಕೈ ಮುಗಿದ. ತಲೆಯೆತ್ತಿ ನೋಡ್ತಾನೆ... ಎದುರಿಗೆ ವಿಮಾನ. ಯುದ್ಧದ ಆಯುಧ. ತನ್ನ ವಶಕ್ಕೆ ಕೊಟ್ಟದ್ದು. ಆವತ್ತಿನ ದಿನ ಇಷ್ಟು ದೊಡ್ಡ ಆಯುಧವನ್ನ ಪೂಜೆ ಇಲ್ಲದೆ ಮಳೆಯಲ್ಲಿ ನಿಲ್ಲಿಸೋದಾ? ಬೇರೆ ಯಾವ ಊರಿನವ ಆಗಿದ್ರೂ ಹೊಳೀತಿರ್ಲಿಲ್ಲ ಅದು. ನಮ್ಮವನಲ್ವಾ! ಚೀಲ ತೆಗೆದ. ಕೊಳವೆ ತೊಳೆದ. ಗಂಧದ ಬೊಟ್ಟಿಟ್ಟು, ಬಾಯಿಗೆ ಒಂದು ಕೋವಿಹೂ ಸಿಕ್ಕಿಸ್ದ. ಚೆಂದ ಕಾಣ್ತಿತ್ತಂತೆ... ಭಕ್ತಿಯಿಂದ ಮಾಡಿದ್ದು, ಅದನ್ನ ನಾನು ಇಲ್ಲ ಅನ್ನೋಲ್ಲ. ಸಂಜೆ ಹೂ ಎಳೆದ್ರೆ ದಂಟು ಒಳಗೆ ಮುರೀತು. ಕಡ್ಡಿ ಹಾಕಿ ಕೆದಕಿದ್ರೆ ಇನ್ನೂ ಒಳಗೆ ಹೋಯ್ತು. ಇವನು ಏನು ಯೋಚನೆ ಮಾಡ್ದ? ಒಳಗೆ ಬೆರಳು ಸುಡೋ ಬೆಂಕಿ ಇದೆ, ಒಂದು ದಂಟು ಯಾವ ಲೆಕ್ಕ, ಸುಟ್ಟು ಬೂದಿಯಾಗಿ ಹೋಗ್ತದೆ ಅಂತ. ಮೇಲೆ ಚೀಲ ಹಾಕಿದ. ಯಾರಿಗೂ ಹೇಳ್ಲಿಲ್ಲ. ಹೇಳಿದ್ರೆ ದೊರೆ ಪುನಃ ತಲೆ ಚಚ್ಕೊಳ್ತಾನಲ್ಲ, ಅದಕ್ಕೆ.

“ಪೆಟ್ರೋಲು ಬಂತು. ಮೋಡ ಸ್ವಲ್ಪ ಮೇಲೆದ್ದ ಒಂದು ಬೆಳಿಗ್ಗೆ ದೊರೆ ರಬ್ಬರು ಸವರಿ ನೋಡಿದ, ಸ್ಪಿರಿಟ್ ನೋಡಿದ, ಚೀಲ ಬಿಚ್ಚಿ ಜೇಬಿಗೆ ಹಾಕ್ಕೊಂಡ. ಬಾಯಿ ಹೊರಗಿಂದ ಶುಭ್ರ! ಒಳಗೆ ಯಾರು ಬಗ್ಗಿ ನೋಡ್ತಾರೆ? ದೇರಪ್ಪನ ಕೈ ಕುಲುಕಿದ. ಎದ್ದು ಹೋಯ್ತು ವಿಮಾನ, ಮೋಡದೊಳಗೆ ಹೊಕ್ಕಿತು. ನಾವು ಇನ್ನೇನು ತಿರುಗ್ಬೇಕು... ಸದ್ದು ದೂರ ಹೋಗ್ತಿಲ್ಲ. ನಮ್ಮ ತಲೆ ಮೇಲೇ ಸುತ್ತುತ್ತಾ ಉಂಟು. ಒಂದ್ಸಲ ಜೋರು, ಒಂದ್ಸಲ ಮೆಲ್ಲ. ಬಂದ ದಿನದ ಹಾಗೇ, ಗೋಡೆ ತಡವೋ ಹಾಗೆ. ದೇರಪ್ಪ ನನ್ನ ರಟ್ಟೆ ಹಿಡ್ಕೊಂಡ. ಯಾಕೆ ಹಿಡ್ಕೊಂಡ ಅಂತ ನಂಗೆ ಆಗ ಗೊತ್ತಿಲ್ಲ. ಆಮೇಲೆ ಸದ್ದು ನಿಂತಿತು. ಹೊಳೆಯಾಚೆ ಗುಡ್ಡದಲ್ಲಿ ಒಂದು ಮರ ಬಿದ್ದ ಹಾಗೆ ಕೇಳಿಸ್ತು, ಅಷ್ಟೇ.

“ನಾವು ಗುಡ್ಡ ಹತ್ತಿ ಕಂಡು ಹಿಡಿಯೋಕೆ ಮಾರನೇ ದಿನ ಆಯ್ತು. ದೊರೆ ಬದುಕಿರ್ಲಿಲ್ಲ. ಅದನ್ನ ವರ್ಣಿಸೋಲ್ಲ, ಹಬ್ಬದ ಮನೆ. ಕೊಳವೆ ಮುರಿದು ಜರಿಗಿಡದ ಮೇಲೆ ಬಿದ್ದಿತ್ತು. ಒಂದು ಹಗಲು ಒಂದು ರಾತ್ರಿ ಮಳೆ ಹುಯ್ದಿದೆ. ಇಂಜಿನು ಹೆಣದ ಹಾಗೆ ತಣ್ಣಗಿದೆ. ಕೊಳವೆಯ ಮೇಲೆ ಹನಿ ಬಿದ್ದ ಕಡೆ ಚುಂಯ್, ಚುಂಯ್ ಅಂತ ಆವಿ... ನಾನೇ ಮುಟ್ಟಿದೀನಿ. ಬಿಸಿ! ಯಾವ ಕರೆಂಟು? ಎಲ್ಲಿಂದ? ನೀವೇ ಹೇಳಿ. ದೇರಪ್ಪ ಕಡ್ಡಿಯಿಂದ ಚುಚ್ಚಿದ್ರೆ ಒಳಗಿಂದ ಕಪ್ಪಗೆ, ಹೊಗೆಸೊಪ್ಪಿನ ಹಾಗೆ ಒಣಗಿ ಗಟ್ಟಿಯಾದ ದಂಟು ಉದುರಿತು. ಮಂಜುಗಡ್ಡೆ ಕರಗಿಸೋ ಬಿಸಿಗೆ ಹಸಿ ದಂಟು ಬೂದಿ ಆಗೋಲ್ಲ, ಬೆಂದು ಬಿರಡೆ ಆಗ್ತದೆ. ದೇರಪ್ಪ ಅಲ್ಲೇ ಕೆಸರಲ್ಲಿ ಕೂತು ನಡೆದದ್ದೆಲ್ಲ ನಂಗೆ ಹೇಳ್ದ. ಆಕಾಶದ ಅಷ್ಟು ಗಡ್ಡೆಗೆ ಮದ್ದು ಇಟ್ಕೊಂಡಿದ್ದವನು, ಗಡ್ಡೆಯ ಮುಖವೇ ನೋಡದೆ, ನಮ್ಮೂರ ಬೇಲಿಯ ಒಂದು ಹೂವಿಗೆ ಹೋದ.”

ಯಮುನಳ ಕಣ್ಣು ತಾನಾಗಿಯೇ ಕೋವಿಯ ಕಡೆ ಹೋಯಿತು.

“ಮುಂದಿನ ಕೈಲುಮುಹೂರ್ತಕ್ಕೆ ದೇರಪ್ಪ ರೂಢಿಯಂತೆ ತನ್ನ ಕೋವಿಗೆ ಹೂ ಇಟ್ಟ. ಸಂಜೆ ಹೊತ್ತು, ಒಬ್ಬನೇ ಇದ್ದ. ಬೆನ್ನಿಗೆ ಆಲಿಕಲ್ಲು ಸುರಿದ ಹಾಗೆ ಚಳಿ, ಸ್ಪಿರಿಟ್ ವಾಸನೆ. ಹಿಂದಿನಿಂದ ತಿರುಚಿದ ದನಿ, ಅದೇ ‘ಎಷ್ಟು ಸಲ ಹೇಳ್ಬೇಕು ನಿಮಗೆ’. ತಿರುಗಿ ನೋಡೋ ಧೈರ್ಯ ಇಲ್ಲ. ಹೂ ಎಳೆದ್ರೆ ಕೈಗೆ ಬಂದದ್ದು ಹೂ ಮಾತ್ರ. ದಂಟು ಒಳಗೆ. ನಳಿಗೆ ಬಿಸಿ. ಕಂಬಿ ಹಾಕಿ ನೂಕಿದ್ರೆ ಕಪ್ಪಗೆ ಬೆಂದ ದಂಟು. ಬಾಯಿ ಕಟ್ಟಿದ ಕೋವಿಯಲ್ಲಿ ಗುಂಡು ಹಾರಿಸಿದ್ರೆ ಏನಾಗುತ್ತೆ ಅಂತ ನಿಮಗೆ ನಾನು ಹೇಳ್ಬೇಕಾ? ನಳಿಗೆ ಸಿಡಿಯೋದು ಮುಖಕ್ಕೇ. ಆಮೇಲೆ ಬದುಕಿದ್ದಷ್ಟು ದಿನ ದೇರಪ್ಪ ಹೂವನ್ನ ಕೋವಿಯ ಹಿಡಿಗೆ ಕಟ್ಟಿದ, ಬಾಯಿಗೆ ಇಡ್ಲಿಲ್ಲ. ಆ ದೊರೆ ಕೆಟ್ಟವನಲ್ಲ ಬೋಜಪ್ಪ. ಅವನಿಗೆ ಸೇಡಿಲ್ಲ. ಬೇಸರ, ಅಷ್ಟೇ. ಹೇಳಿ ಹೇಳಿ ಸಾಕಾದವನ ಬೇಸರ. ಸತ್ತ ಮೇಲೂ ಬಂದು ಹೇಳ್ಬೇಕಲ್ಲ ಇವರಿಗೆ ಅಂತ...”

ಬೋಜಪ್ಪ ನಕ್ಕ. ಆದರೆ ನಗುವಿನಲ್ಲಿ ಬಲವಿರಲಿಲ್ಲ. ಮುದುಕರಿಗೆ ವಯಸ್ಸಾದರೆ ಕೋವಿಯೂ ದೆವ್ವ, ಕೊಡೆಯೂ ದೆವ್ವ ಎಂದು ಗೊಣಗುತ್ತ ಎದ್ದು ಹೋಗಿ ಹೂವನ್ನು ಎಳೆದು ತಂದು ಎಲ್ಲರೆದುರು ಹಿಡಿದ. “ಇಗೊಳ್ಳಿ. ಹೂ ಬಂತು. ಸಮಾಧಾನ ಆಯ್ತಾ?”

ಯಮುನ ಹೂವನ್ನು ನೋಡಿದಳು. ದಳಗಳೆಲ್ಲ ತಾಜಾ ಇದ್ದವು. ಕೆಳಗೆ ದಂಟು ಉಗುರಿನಷ್ಟೂ ಇರಲಿಲ್ಲ. ಗೇಣುದ್ದ ಬಿಟ್ಟು ಕೊಯ್ದದ್ದು ಅವಳ ಕೈಗೇ ನೆನಪಿತ್ತು.

ಅವಳು ಎದ್ದಳು. ದೇವರಿಗೆ ಕೈ ಮುಗಿದು, ನಳಿಗೆಗೆ ಅಂಗೈ ಇಟ್ಟಳು. ಒಲೆಯಿಂದ ಆಗಷ್ಟೇ ಇಳಿಸಿದ ಚೆಂಬಿನ ಹಾಗಿತ್ತು ಅದು. ಕೈ ಹಿಂದಕ್ಕೆಳೆದುಕೊಂಡು ಗಂಡನ ಮುಖ ನೋಡಿದಳು. ಮದುವೆಯಾದಂದಿನಿಂದ ಅವಳು ಹೇಳಿದ ಒಂದು ಮಾತನ್ನೂ ಮೊದಲ ಸಲಕ್ಕೇ ಕೇಳದಿದ್ದ ಬೋಜಪ್ಪ, ಈ ಸಲ ಅವಳು ಬಾಯಿ ತೆರೆಯುವ ಮೊದಲೇ ನಳಿಗೆ ಒರೆಸುವ ಕಂಬಿ ಎತ್ತಿಕೊಂಡ. ಕಂಬಿ ಅರ್ಧದಲ್ಲಿ ತಡೆದು ನಿಂತಿತು. ಒತ್ತಿದ. ಏನೋ ಕಳಚಿ ನೆಲಕ್ಕೆ ಬಿತ್ತು. ಗುಂಡ ದೀಪ ಹಿಡಿದ. ಮಧ್ಯಾಹ್ನ ಬೇಲಿಯಲ್ಲಿ ಹಸಿರಾಗಿದ್ದ ದಂಟು ಕಪ್ಪಗೆ ಬೆಂದು, ಹೊಗೆಸೊಪ್ಪಿನ ಹಾಗೆ ಗಟ್ಟಿಯಾಗಿತ್ತು.

ನಾಳೆ ಬೆಳಿಗ್ಗೆ ಆ ಕೋವಿಯ ಹಿಂದೆ ಇರಬೇಕಾಗಿದ್ದ ಮುಖವನ್ನು ಯಮುನ ಬಹಳ ಹೊತ್ತು ನೋಡಿದಳು. ಬೆಳ್ಳಮ್ಮ ಮಗನ ತಲೆಯ ಮೇಲೆ ಕೈಯಿಟ್ಟು ದೇವರ ಹೆಸರು ಹೇಳತೊಡಗಿದಳು. ಬೋಜಪ್ಪ ಕುಳಿತುಬಿಟ್ಟ.

“ನೀವು ಸಂಜೆ ಬೈದಾಗಲೇ ಕೇಳ್ಬೇಕಿತ್ತು ಮಾವ” ಎಂದ.

ಗುರುವಪ್ಪ ಕಿವಿಗೆ ಕೈ ಆನಿಸಿದ. “ಯಾವಾಗ?”

“ಸಂಜೆ. ನಾನು ಹೂ ಸಿಕ್ಕಿಸ್ತಾ ಇದ್ನಲ್ಲ, ಆಗ. ನಂಗೆ ತಿರುಗೋ ಪುರುಸೊತ್ತಿರ್ಲಿಲ್ಲ. ನಿಮ್ಮ ಗಂಟಲು ಬೇರೆ ಕಟ್ಟಿತ್ತು, ಶೀತ ಆಗಿದೆ ಅಂದ್ಕೊಂಡೆ.”

ಅಲ್ಲಿಯವರೆಗೆ ಕೇಳುತ್ತಲೇ ಇದ್ದ ಯಮುನ ಆಗ ಕೇಳಿದಳು: “ಮಾವ, ನೀವು ಬಂದದ್ದು ಎಷ್ಟು ಹೊತ್ತಿಗೆ?”

“ನೀನೇ ನೋಡಿದ್ಯಲ್ಲ ಮಗಳೇ. ದೀಪ ಹಚ್ಚಿದ ಮೇಲೆ. ಸಂಜೆಗೆ ನಾನು ಹೊಳೆಯಾಚೆ ದೋಣಿಗೆ ಕಾಯ್ತಾ ನಿಂತಿದ್ದೆ.” ಗುರುವಪ್ಪ ಬೋಜಪ್ಪನ ಕಡೆ ವಾಲಿ, ಆಗಲೇ ಉತ್ತರ ಗೊತ್ತಿದ್ದವನಂತೆ ಕೇಳಿದ. “ಏನಂತ ಬೈದೆ ನಾನು?”

ಬೋಜಪ್ಪ ತಿರುಗಿ ತನ್ನ ಬೆನ್ನ ಹಿಂದೆ ನೋಡಿದ.

“ಬೇಡ, ಬಿಡು” ಎಂದ ಗುರುವಪ್ಪ. ಎದ್ದು ಕೊಡೆ ಹುಡುಕುತ್ತ, ಅಂಗಳದ ಕತ್ತಲ ಕಡೆ ನೋಡಿ, ತನ್ನಷ್ಟಕ್ಕೆ ಎಂಬಂತೆ ಅಂದ: “ಅವನಿಗೆ ಬರೋ ಕನ್ನಡ ಅದೊಂದೇ ಮಾತು.”